ಇಂಡಿಕೇಟರ್ ಸೂತ್ರ ನೀವೇ ಬರೆಯಿರಿ: ಕೈಲೆಕ್ಕದಿಂದ ಚಾರ್ಟ್‌ವರೆಗೆ

ಒಂದೇ ಷೇರು, ಒಂದೇ ದಿನ, ಅದೇ 14 ಅವಧಿಯ ಆರ್‌ಎಸ್‌ಐ (ಇತ್ತೀಚಿನ ಏರಿಕೆ ಇಳಿಕೆಗಳಲ್ಲಿ ಯಾವುದರ ಬಲ ಹೆಚ್ಚು ಅಂತ 0ರಿಂದ 100ರೊಳಗೆ ಹೇಳುವ ಅಂಕಿ). ಸಾಫ್ಟ್‌ವೇರ್‌ನ ಜೊತೆಗೇ ಬಂದ ಇಂಡಿಕೇಟರ್, ಅಂದರೆ ಬೆಲೆಗಳಿಂದ ಲೆಕ್ಕ ಹಾಕಿ ಚಾರ್ಟ್ ಮೇಲೆ ಗೆರೆ ಎಳೆಯುವ ಸೂತ್ರ, ಒಂದು ಅಂಕಿ ತೋರಿಸುತ್ತಿತ್ತು, ನಾನು ಬರೆದ ಸೂತ್ರ ಇನ್ನೊಂದು ತೋರಿಸುತ್ತಿತ್ತು. ಎರಡು ಸಂಜೆ ಕೋಡ್‌ನಲ್ಲೇ ತಪ್ಪು ಹುಡುಕಿದೆ. ಆವರಣ ಚಿಹ್ನೆ ಸರಿಯಿತ್ತು, ಹೆಸರು ಸರಿಯಿತ್ತು, ಡೇಟಾ ಕೂಡ ಸರಿಯಿತ್ತು. ಕೊನೆಗೆ ಪೆನ್ನು ಹಿಡಿದು ಆರೇ ಆರು ಕ್ಯಾಂಡಲ್‌ಗೆ (ಚಾರ್ಟ್‌ನಲ್ಲಿ ಒಂದು ದಿನದ ಅಥವಾ ಒಂದು ಅವಧಿಯ ಬೆಲೆ ತೋರಿಸುವ ಕಡ್ಡಿ) ಲೆಕ್ಕ ಹಾಕಿದೆ. ಹತ್ತು ನಿಮಿಷದಲ್ಲಿ ಗೊತ್ತಾಯಿತು: ನಾನು ಸರಾಸರಿ ತೆಗೆದ ರೀತಿಯೇ ಬೇರೆ, ಅವರದ್ದೇ ಬೇರೆ.

ಅಂದಿನಿಂದ ನನ್ನದು ಒಂದೇ ಕ್ರಮ. ಮೊದಲು ಕೈಲೆಕ್ಕ, ಆಮೇಲೆ ಕೋಡ್. ಕೋಡ್ ಅನ್ನುವುದು ನಿಮ್ಮ ಲೆಕ್ಕದ ನಕಲು ಅಷ್ಟೇ. ಲೆಕ್ಕ ಸ್ಪಷ್ಟವಿಲ್ಲದಿದ್ದರೆ ಕೋಡ್ ಎಷ್ಟು ಚೆನ್ನಾಗಿದ್ದರೂ ತಪ್ಪು ಗೆರೆಯನ್ನೇ ಎಳೆಯುತ್ತದೆ. ಆ ಗೆರೆ ಚಾರ್ಟ್ ಮೇಲೆ ಸುಂದರವಾಗಿ ಕಾಣುವುದರಿಂದ ತಪ್ಪು ಅಂತ ಅನ್ನಿಸುವುದೂ ಇಲ್ಲ. ಅದೇ ಅಪಾಯ.

ಇಲ್ಲಿ ಸೂತ್ರಗಳನ್ನು ಕನ್ನಡ ಪದಗಳಲ್ಲೇ ಬರೆದಿದ್ದೇನೆ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಅದೇ ಕೆಲಸಕ್ಕೆ ಯಾವ ಫಂಕ್ಷನ್ ಇದೆಯೋ ಅದರ ಹೆಸರು ಹಾಕಿಕೊಳ್ಳಿ.

ಮೊದಲ ಹೆಜ್ಜೆ: ಒಂದು ವಾಕ್ಯದಲ್ಲಿ ಹೇಳಿ

ಕೋಡ್ ಎಡಿಟರ್ ತೆರೆಯುವ ಮುಂಚೆ ನಿಮ್ಮ ಇಂಡಿಕೇಟರ್ ಏನನ್ನು ಅಳೆಯುತ್ತದೆ ಅಂತ ಒಂದು ವಾಕ್ಯ ಬರೆಯಿರಿ. "ಇವತ್ತಿನ ಕ್ಲೋಸ್, ಕಳೆದ 20 ದಿನಗಳ ಸರಾಸರಿಗಿಂತ ಶೇಕಡಾ ಎಷ್ಟು ದೂರ ಇದೆ." ಇಷ್ಟು ಸ್ಪಷ್ಟವಾಗಿರಬೇಕು. (ಕ್ಲೋಸ್ ಅಂದರೆ ದಿನದ ಕೊನೆಯ ಬೆಲೆ.) ಈ ವಾಕ್ಯದಲ್ಲೂ ಒಂದು ಪ್ರಶ್ನೆ ಅಡಗಿದೆ ನೋಡಿ. ಆ 20 ದಿನಗಳಲ್ಲಿ ಇವತ್ತು ಸೇರಿದೆಯಾ, ಇಲ್ವಾ? ಸಾಮಾನ್ಯವಾಗಿ ಸೇರಿರುತ್ತದೆ. ಆದರೆ "ಕಳೆದ 20 ದಿನಗಳ ಗರಿಷ್ಠವನ್ನು ಕ್ಲೋಸ್ ದಾಟಿತಾ" ಅನ್ನುವ ಸೂತ್ರದಲ್ಲಿ ಇವತ್ತನ್ನು ಸೇರಿಸಿದರೆ ಉತ್ತರ ಯಾವತ್ತೂ "ಇಲ್ಲ" ಅಂತಲೇ ಬರುತ್ತದೆ. ಇವತ್ತಿನ ಹೈಗಿಂತ ಇವತ್ತಿನ ಕ್ಲೋಸ್ ಮೇಲಿರಲು ಸಾಧ್ಯವೇ ಇಲ್ಲ, ಅಲ್ವಾ? ಅಲ್ಲಿ ನಿನ್ನೆಯವರೆಗಿನ ಗರಿಷ್ಠವನ್ನೇ ತೆಗೆದುಕೊಳ್ಳಬೇಕು.

ಕೈಯಲ್ಲಿರುವ ಕಚ್ಚಾ ವಸ್ತು ಐದೇ: ಓಪನ್ (ಶುರುವಿನ ಬೆಲೆ), ಹೈ (ಗರಿಷ್ಠ), ಲೋ (ಕನಿಷ್ಠ), ಕ್ಲೋಸ್, ವಾಲ್ಯೂಮ್ (ಕೈಬದಲಾದ ಷೇರುಗಳ ಸಂಖ್ಯೆ). ಎಷ್ಟೇ ದೊಡ್ಡ ಹೆಸರಿನ ಇಂಡಿಕೇಟರ್ ಆದರೂ ಬಹುಪಾಲು ಈ ಐದರಿಂದಲೇ ಹುಟ್ಟುತ್ತದೆ.

ಎರಡನೇ ಹೆಜ್ಜೆ: ಸಾಫ್ಟ್‌ವೇರ್ ಹೇಗೆ ಓದುತ್ತದೆ ಅಂತ ತಿಳಿದುಕೊಳ್ಳಿ

ಚಾರ್ಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೆಟಾಸ್ಟಾಕ್ ಮತ್ತು ಅಮಿಬ್ರೋಕರ್ ಇಡೀ ಸಾಲನ್ನು ಒಟ್ಟಿಗೆ ತೆಗೆದುಕೊಳ್ಳುತ್ತವೆ. ಅಲ್ಲಿ ಕ್ಲೋಸ್ ಅಂದರೆ ಒಂದು ಸಂಖ್ಯೆಯಲ್ಲ, ಚಾರ್ಟ್‌ನಲ್ಲಿರುವ ಎಲ್ಲ ಕ್ಲೋಸ್‌ಗಳ ಪಟ್ಟಿ. "ಹೈ ಕಳೆಯಿರಿ ಲೋ" ಅಂತ ಒಂದು ಸಾಲು ಬರೆದರೆ ಸಾವಿರ ಕ್ಯಾಂಡಲ್‌ಗೂ ಒಂದೇ ಸಲ ಲೆಕ್ಕ ಆಗುತ್ತದೆ. ಟ್ರೇಡಿಂಗ್‌ವ್ಯೂನ ಸೂತ್ರ ಭಾಷೆಯಾದ ಪೈನ್ ಸ್ಕ್ರಿಪ್ಟ್ ಹಾಗಲ್ಲ. ಅದು ಎಡತುದಿಯ ಹಳೆಯ ಕ್ಯಾಂಡಲ್‌ನಿಂದ ಶುರುಮಾಡಿ, ಒಂದೊಂದು ಕ್ಯಾಂಡಲ್‌ಗೂ ನಿಮ್ಮ ಇಡೀ ಕೋಡನ್ನು ಮತ್ತೆ ಮತ್ತೆ ಓಡಿಸುತ್ತದೆ.

ಈ ವ್ಯತ್ಯಾಸ ಗೊತ್ತಿಲ್ಲದೆ ಬರೆದರೆ ಮೊದಲ ಪೆಟ್ಟು ಬೀಳುವುದು ಷರತ್ತುಗಳಲ್ಲಿ. ಅಮಿಬ್ರೋಕರ್‌ನಲ್ಲಿ ಇಫ್ ಬೇರೆ, ಐಐಎಫ್ ಬೇರೆ. ಇಫ್‌ಗೆ ಹೌದು ಅಥವಾ ಅಲ್ಲ ಅನ್ನುವ ಒಂದೇ ಉತ್ತರ ಬೇಕು. ಅದಕ್ಕೆ ಇಡೀ ಪಟ್ಟಿ ಕೊಟ್ಟರೆ ಎರರ್ ಬರುತ್ತದೆ. ಐಐಎಫ್ ಪ್ರತಿ ಕ್ಯಾಂಡಲ್‌ಗೂ ಬೇರೆ ಬೇರೆ ಉತ್ತರ ಕೊಡುತ್ತದೆ. ಇಂಡಿಕೇಟರ್‌ಗೆ ಹೆಚ್ಚಾಗಿ ಬೇಕಾಗುವುದು ಇದೇ.

ಎರಡನೇ ಪೆಟ್ಟು ಹಿಂದಿನ ಕ್ಯಾಂಡಲ್ ಕರೆಯುವುದರಲ್ಲಿ. ಮೆಟಾಸ್ಟಾಕ್ ಮತ್ತು ಅಮಿಬ್ರೋಕರ್‌ನಲ್ಲಿ ರೆಫ್ ಫಂಕ್ಷನ್‌ಗೆ ಮೈನಸ್ 1 ಕೊಟ್ಟರೆ ನಿನ್ನೆಯದು ಬರುತ್ತದೆ, ಪ್ಲಸ್ 1 ಕೊಟ್ಟರೆ ನಾಳೆಯದು. ಪೈನ್ ಸ್ಕ್ರಿಪ್ಟ್‌ನಲ್ಲಿ ಚೌಕ ಕಂಸದೊಳಗೆ 1 ಅಂತ ಹಾಕಿದರೆ ನಿನ್ನೆಯದು, ಮೈನಸ್ ಬೇಡ. ಮೆಟಾಟ್ರೇಡರ್ 4ರಲ್ಲಿ ಎಣಿಕೆ ಬಲತುದಿಯಿಂದ: 0 ಅಂದರೆ ಈಗ ನಡೆಯುತ್ತಿರುವ ಕ್ಯಾಂಡಲ್, 1 ಅಂದರೆ ಅದರ ಹಿಂದಿನದು. ಒಂದು ಕಡೆಯ ಸೂತ್ರವನ್ನು ಇನ್ನೊಂದು ಕಡೆಗೆ ತರುವಾಗ ಎಲ್ಲಕ್ಕಿಂತ ಮೊದಲು ಈ ಚಿಹ್ನೆ ನೋಡಿ. ಮೈನಸ್ ಒಂದು ಬಿಟ್ಟುಹೋದರೆ ಸೂತ್ರ ನಾಳೆಯ ಬೆಲೆ ನೋಡಿ ಇವತ್ತು ಸಿಗ್ನಲ್ (ಕೊಳ್ಳು ಅಥವಾ ಮಾರು ಅನ್ನುವ ಸೂಚನೆ) ಕೊಡುತ್ತದೆ. ಬ್ಯಾಕ್‌ಟೆಸ್ಟ್‌ನಲ್ಲಿ, ಅಂದರೆ ಹಳೆಯ ಡೇಟಾದ ಮೇಲಿನ ಪರೀಕ್ಷೆಯಲ್ಲಿ, ಅದರ ಲಾಭ ನೋಡಿ ಖುಷಿಪಟ್ಟವರು ಎಷ್ಟೋ ಜನ.

ಮುಂದೆ ನಾನು ಹಿಂದಿನ(ಕ್ಲೋಸ್, 1) ಅಂತ ಬರೆದಲ್ಲೆಲ್ಲ ಒಂದು ಕ್ಯಾಂಡಲ್ ಹಿಂದಿನ ಕ್ಲೋಸ್ ಅಂತ ಅರ್ಥ.

ಮೂರನೇ ಹೆಜ್ಜೆ: ಸರಾಸರಿಯ ಮೂರು ಮುಖ

ಹೆಚ್ಚಿನ ಇಂಡಿಕೇಟರ್‌ಗಳ ಹೊಟ್ಟೆಯಲ್ಲಿ ಒಂದು ಸರಾಸರಿ ಕೂತಿರುತ್ತದೆ. ಅದು ಯಾವ ಸರಾಸರಿ ಅನ್ನುವುದೇ ಅರ್ಧ ಜಗಳ.

ಸರಳ ಸರಾಸರಿ ಎಲ್ಲರಿಗೂ ಗೊತ್ತು. ಕೊನೆಯ ಇಷ್ಟು ಕ್ಲೋಸ್ ಕೂಡಿಸಿ, ಅಷ್ಟರಿಂದಲೇ ಭಾಗಿಸುವುದು. ಅವಧಿ ದಾಟಿದ ಹಳೆಯ ಬೆಲೆ ಪೂರ್ತಿ ಹೊರಗೆ ಹೋಗುತ್ತದೆ.

ಎಕ್ಸ್‌ಪೊನೆನ್ಶಿಯಲ್ ಸರಾಸರಿ, ಅಂದರೆ ಇಎಂಎ, ನಿನ್ನೆಯ ತನ್ನದೇ ಅಂಕಿಯನ್ನು ಇಟ್ಟುಕೊಂಡು ಇವತ್ತಿನದನ್ನು ಸ್ವಲ್ಪ ಬೆರೆಸುತ್ತದೆ:

ತೂಕ = 2 / (ಅವಧಿ + 1)
ಇಎಂಎ = ತೂಕ × ಕ್ಲೋಸ್ + (1 − ತೂಕ) × ಹಿಂದಿನ(ಇಎಂಎ, 1)

ಮೂರನೆಯದು ವೈಲ್ಡರ್ ಸರಾಸರಿ. ಇದೂ ಇಎಂಎ ಥರವೇ, ಆದರೆ ತೂಕ 1 / ಅವಧಿ. 14 ಅವಧಿಗೆ ಇಎಂಎ ತೂಕ 2/15, ವೈಲ್ಡರ್ ತೂಕ 1/14. ಅಂದರೆ ವೈಲ್ಡರ್ ಸುಮಾರು ಅರ್ಧ ವೇಗದಲ್ಲಿ ನಡೆಯುತ್ತದೆ. ಎರಡೂ ತೂಕ ಸಮ ಮಾಡಿ ನೋಡಿದರೆ ವೈಲ್ಡರ್ 14 ಅಂದರೆ ಇಎಂಎ 27. ಸೂತ್ರ ನೆನಪಿಡಿ: ಇಎಂಎ ಅವಧಿ = 2 × ವೈಲ್ಡರ್ ಅವಧಿ − 1. ನಿಮ್ಮ ಸಾಫ್ಟ್‌ವೇರ್‌ನಲ್ಲಿ ವೈಲ್ಡರ್ ಫಂಕ್ಷನ್ ಇಲ್ಲದಿದ್ದರೆ ಈ ದಾರಿಯಲ್ಲಿ ಇಎಂಎಯಿಂದಲೇ ಕೆಲಸ ಮುಗಿಸಬಹುದು. ಮೆಟಾಸ್ಟಾಕ್ ಮತ್ತು ಅಮಿಬ್ರೋಕರ್‌ನಲ್ಲಿ ವೈಲ್ಡರ್ಸ್ ಅಂತಲೇ ಇದೆ. ಪೈನ್ ಸ್ಕ್ರಿಪ್ಟ್‌ನಲ್ಲಿ ಅದರ ಹೆಸರು ಆರ್‌ಎಂಎ.

ಒಂದು ಎಚ್ಚರಿಕೆ. ಸೂತ್ರದಲ್ಲಿ 1/14 ಅಂತ ಬರೆಯುವಾಗ 1.0/14 ಅಂತ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಸಿ ಶಾರ್ಪ್ ಥರದ ಭಾಷೆಗಳಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಉತ್ತರವೂ ಪೂರ್ಣಾಂಕ. 1/14 ಅಲ್ಲಿ ಸೊನ್ನೆಯಾಗುತ್ತದೆ. ಗೆರೆ ಅಲುಗಾಡದೆ ಮಲಗಿಬಿಟ್ಟರೆ ಮೊದಲು ಇದನ್ನೇ ಅನುಮಾನಿಸಿ.

ಆರ್‌ಎಸ್‌ಐ, ಪೆನ್ನು ಹಿಡಿದು

1978ರಲ್ಲಿ ಜೆ. ವೆಲ್ಲೆಸ್ ವೈಲ್ಡರ್ ಒಂದೇ ಪುಸ್ತಕದಲ್ಲಿ ಆರ್‌ಎಸ್‌ಐ, ಎಟಿಆರ್ (ಬೆಲೆಯ ಸರಾಸರಿ ಓಡಾಟ), ಎಡಿಎಕ್ಸ್ (ಬೆಲೆಯ ಗತಿಗೆ ಎಷ್ಟು ಬಲವಿದೆ), ಪ್ಯಾರಾಬಾಲಿಕ್ ಎಸ್‌ಎಆರ್ (ಗತಿ ತಿರುಗಿತು ಅನ್ನಬೇಕಾದ ಬೆಲೆ) ಎಲ್ಲವನ್ನೂ ಕೊಟ್ಟರು. ಆಗ ಲೆಕ್ಕ ನಡೆಯುತ್ತಿದ್ದದ್ದು ಕೈಯಲ್ಲಿ, ಹೆಚ್ಚೆಂದರೆ ಕ್ಯಾಲ್ಕುಲೇಟರ್‌ನಲ್ಲಿ. ವೈಲ್ಡರ್ ಸರಾಸರಿಗೆ ನಿನ್ನೆಯ ಒಂದು ಅಂಕಿ ಇದ್ದರೆ ಸಾಕು, ಹಿಂದಿನ 14 ದಿನದ ಪಟ್ಟಿ ಬೇಡ. ಕೈಲೆಕ್ಕಕ್ಕೆ ಅದು ಎಷ್ಟು ಅನುಕೂಲ ಅಂತ ಈಗ ನೀವೇ ನೋಡುತ್ತೀರಿ.

ಅವಧಿ 3 ಇಟ್ಟುಕೊಳ್ಳೋಣ. ಆರು ದಿನದ ಕ್ಲೋಸ್: 100, 102, 101, 104, 103, 106.

ದಿನದಿಂದ ದಿನಕ್ಕೆ ಬದಲಾವಣೆ: +2, −1, +3, −1, +3. ಏರಿಕೆಗಳನ್ನು ಒಂದು ಸಾಲಲ್ಲಿ, ಇಳಿಕೆಗಳನ್ನು ಇನ್ನೊಂದು ಸಾಲಲ್ಲಿ ಬರೆಯಿರಿ. ಏರಿದ ದಿನ ಇಳಿಕೆ ಸಾಲಿನಲ್ಲಿ ಸೊನ್ನೆ, ಇಳಿದ ದಿನ ಏರಿಕೆ ಸಾಲಿನಲ್ಲಿ ಸೊನ್ನೆ. ಇಳಿಕೆಗೆ ಮೈನಸ್ ಚಿಹ್ನೆ ಬೇಡ.

ಏರಿಕೆ: 2, 0, 3, 0, 3
ಇಳಿಕೆ: 0, 1, 0, 1, 0

ಮೊದಲ ಮೂರು ಬದಲಾವಣೆಗೆ ಸರಳ ಸರಾಸರಿ. ಏರಿಕೆ 5/3 = 1.6667, ಇಳಿಕೆ 1/3 = 0.3333. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 5. ಆರ್‌ಎಸ್‌ಐ = 100 − 100/(1 + 5) = 83.33. ಇದು ನಾಲ್ಕನೇ ದಿನದ್ದು.

ಐದನೇ ದಿನ ಬೆಲೆ 1 ಇಳಿದಿದೆ. ಹಿಂದಿನ ಸರಾಸರಿಯನ್ನು 2ರಿಂದ ಗುಣಿಸಿ, ಹೊಸದನ್ನು ಕೂಡಿಸಿ, 3ರಿಂದ ಭಾಗಿಸಿ. ಏರಿಕೆ: (1.6667 × 2 + 0)/3 = 1.1111. ಇಳಿಕೆ: (0.3333 × 2 + 1)/3 = 0.5556. ಅನುಪಾತ 2. ಆರ್‌ಎಸ್‌ಐ 66.67.

ಆರನೇ ದಿನ 3 ಏರಿದೆ. ಏರಿಕೆ 1.7407, ಇಳಿಕೆ 0.3704, ಅನುಪಾತ 4.7, ಆರ್‌ಎಸ್‌ಐ 82.46.

ಈಗ ಐದನೇ ದಿನವನ್ನೇ ಬೇರೆ ಸರಾಸರಿಯಿಂದ ಮಾಡಿ. ಸರಳ ಸರಾಸರಿಯಾದರೆ ಕೊನೆಯ ಮೂರು ಬದಲಾವಣೆ −1, +3, −1. ಏರಿಕೆ 1, ಇಳಿಕೆ 0.6667, ಆರ್‌ಎಸ್‌ಐ 60. ಇಎಂಎ ಆದರೆ ತೂಕ 2/4, ಅಂದರೆ ಅರ್ಧ. ಏರಿಕೆ 0.8333, ಇಳಿಕೆ 0.6667, ಆರ್‌ಎಸ್‌ಐ 55.56.

66.67, 60, 55.56. ಅದೇ ಬೆಲೆ, ಅದೇ ಅವಧಿ, ಹೆಸರೂ ಅದೇ. ನನ್ನ ಎರಡು ಸಂಜೆ ಹೋದದ್ದು ಇಲ್ಲೇ.

ಈ ಲೆಕ್ಕ ಮುಗಿದ ಮೇಲೆ ಕೋಡ್ ಬರೆಯುವುದು ತಾನಾಗಿಯೇ ಬರುತ್ತದೆ:

ಬದಲಾವಣೆ = ಕ್ಲೋಸ್ − ಹಿಂದಿನ(ಕ್ಲೋಸ್, 1)
ಏರಿಕೆ = ದೊಡ್ಡದು(ಬದಲಾವಣೆ, 0)
ಇಳಿಕೆ = ದೊಡ್ಡದು(−ಬದಲಾವಣೆ, 0)
ಏರಿಕೆ_ಸರಾಸರಿ = ವೈಲ್ಡರ್(ಏರಿಕೆ, ಅವಧಿ)
ಇಳಿಕೆ_ಸರಾಸರಿ = ವೈಲ್ಡರ್(ಇಳಿಕೆ, ಅವಧಿ)
ಆರ್‌ಎಸ್‌ಐ = 100 × ಏರಿಕೆ_ಸರಾಸರಿ / (ಏರಿಕೆ_ಸರಾಸರಿ + ಇಳಿಕೆ_ಸರಾಸರಿ)

ಕೊನೆಯ ಸಾಲು ಪುಸ್ತಕದ ಸೂತ್ರದಂತೆ ಕಾಣುವುದಿಲ್ಲ, ಆದರೆ ಬೀಜಗಣಿತದಲ್ಲಿ ಎರಡೂ ಒಂದೇ. 5ನೇ ದಿನಕ್ಕೆ ಹಾಕಿ ನೋಡಿ: 1.1111 / 1.6667 = 0.6667. ನಾನು ಈ ರೂಪವನ್ನೇ ಇಷ್ಟಪಡುತ್ತೇನೆ. ಸತತ ಏರಿದ ಷೇರಿನಲ್ಲಿ ಇಳಿಕೆ ಸರಾಸರಿ ಸೊನ್ನೆಯಾದರೆ ಪುಸ್ತಕದ ರೂಪ ಸೊನ್ನೆಯಿಂದ ಭಾಗಿಸಲು ಹೋಗುತ್ತದೆ. ಈ ರೂಪ ಸುಮ್ನೆ 100 ಕೊಡುತ್ತದೆ. ಬೆಲೆ ಒಂದಿಷ್ಟೂ ಅಲುಗಾಡದಿದ್ದರೆ ಮಾತ್ರ ಛೇದ ಸೊನ್ನೆ. ಅದಕ್ಕೊಂದು ಷರತ್ತು ಹಾಕಿ 50 ಕೊಟ್ಟುಬಿಡಿ.

ಒಂದೊಂದು ಭಾಗಕ್ಕೂ ಬೇರೆ ಹೆಸರು ಕೊಟ್ಟದ್ದು ಗಮನಿಸಿದಿರಾ? ಎಲ್ಲವನ್ನೂ ಒಂದೇ ಸಾಲಿನಲ್ಲಿ ತುರುಕಬಹುದು. ಆದರೆ ತಪ್ಪಾದಾಗ ಏರಿಕೆ_ಸರಾಸರಿ ಒಂದನ್ನೇ ಚಾರ್ಟ್ ಮೇಲೆ ಎಳೆದು ನೋಡುವ ಅವಕಾಶ ಹೋಗಿಬಿಡುತ್ತದೆ.

ಶುರುವಿನ ಕ್ಯಾಂಡಲ್‌ಗಳನ್ನು ನಂಬಬೇಡಿ

ಇಎಂಎ ಮತ್ತು ವೈಲ್ಡರ್ ಎರಡಕ್ಕೂ ನಿನ್ನೆಯ ತಮ್ಮದೇ ಅಂಕಿ ಬೇಕು. ಮೊದಲ ದಿನಕ್ಕೆ ನಿನ್ನೆಯೇ ಇಲ್ಲ. ಹಾಗಾಗಿ ಕೆಲವು ಸಾಫ್ಟ್‌ವೇರ್ ಮೊದಲ ಕ್ಲೋಸ್‌ನಿಂದಲೇ ಶುರು ಮಾಡುತ್ತವೆ, ಕೆಲವು ಮೊದಲ ಅವಧಿಯ ಸರಳ ಸರಾಸರಿಯಿಂದ. ಈ ಆರಂಭದ ಅಂಕಿಯ ಪ್ರಭಾವ ನಿಧಾನಕ್ಕೆ ಕರಗುತ್ತದೆ. ಎಷ್ಟು ನಿಧಾನ? ವೈಲ್ಡರ್ 14ರಲ್ಲಿ ಪ್ರತಿ ಕ್ಯಾಂಡಲ್‌ಗೂ 13/14 ಭಾಗ ಉಳಿಯುತ್ತದೆ. 14 ಕ್ಯಾಂಡಲ್ ಆದ ಮೇಲೂ ಶೇಕಡಾ 35ರಷ್ಟು ಉಳಿದಿರುತ್ತದೆ. 50 ಆದ ಮೇಲೆ ಶೇಕಡಾ 2.5. 100 ದಾಟಿದರೆ ಶೇಕಡಾ 0.1ಕ್ಕಿಂತ ಕಡಿಮೆ.

ಆದ್ದರಿಂದ ಚಾರ್ಟ್‌ನಲ್ಲಿ 30 ದಿನದ ಡೇಟಾ ಮಾತ್ರ ಇಟ್ಟುಕೊಂಡು ಎರಡು ಕಡೆಯ ಆರ್‌ಎಸ್‌ಐ ಹೋಲಿಸಬೇಡಿ. ಕನಿಷ್ಠ 150 ಕ್ಯಾಂಡಲ್ ಲೋಡ್ ಮಾಡಿ, ಕೊನೆಯ 20 ಮಾತ್ರ ನೋಡಿ. ಎಡಿಎಕ್ಸ್‌ಗೆ ಇನ್ನೂ ಜಾಸ್ತಿ ಬೇಕು. ಅದರಲ್ಲಿ ವೈಲ್ಡರ್ ಸರಾಸರಿಯ ಮೇಲೆ ಮತ್ತೊಂದು ವೈಲ್ಡರ್ ಸರಾಸರಿ ಕೂತಿದೆ.

ಎಟಿಆರ್: ಗ್ಯಾಪ್ ಮರೆಯಬಾರದು

ಒಂದು ದಿನ ಷೇರು ಎಷ್ಟು ಓಡಾಡಿತು ಅಂದರೆ ತಟ್ಟನೆ ಹೈ ಕಳೆಯಿರಿ ಲೋ ಅಂತೀವಿ. ನಿನ್ನೆ 50ಕ್ಕೆ ಕ್ಲೋಸ್ ಆಯಿತು ಅಂದುಕೊಳ್ಳಿ. ಇವತ್ತು ಮೇಲೆ ಹಾರಿ ಓಪನ್ ಆಗಿ (ಈ ಹಾರಿಕೆಯೇ ಗ್ಯಾಪ್), ಹೈ 56, ಲೋ 54. ಹೈ ಲೋ ವ್ಯತ್ಯಾಸ ಬರೀ 2. ಆದರೆ ನಿನ್ನೆ ಷೇರು ಹಿಡಿದುಕೊಂಡವನ ಲೆಕ್ಕದಲ್ಲಿ ಬೆಲೆ 6 ಸರಿದಿದೆ. ಅದಕ್ಕೇ ಟ್ರೂ ರೇಂಜ್:

ಟಿಆರ್ = ದೊಡ್ಡದು(ಹೈ, ಹಿಂದಿನ(ಕ್ಲೋಸ್, 1)) − ಚಿಕ್ಕದು(ಲೋ, ಹಿಂದಿನ(ಕ್ಲೋಸ್, 1))
ಎಟಿಆರ್ = ವೈಲ್ಡರ್(ಟಿಆರ್, 14)

ಪುಸ್ತಕಗಳಲ್ಲಿ ಇದನ್ನು ಮೂರು ವ್ಯತ್ಯಾಸಗಳಲ್ಲಿ ದೊಡ್ಡದು ಅಂತ ಕೊಟ್ಟಿರುತ್ತಾರೆ. ಫಲಿತಾಂಶ ಇದೇ. ಅಂದ ಹಾಗೆ, ಷೇರು ವಿಭಜನೆಯಾದಾಗ ಹಳೆಯ ಬೆಲೆಗಳನ್ನು ಸರಿಹೊಂದಿಸದ ಡೇಟಾ ಇದ್ದರೆ ಎಟಿಆರ್ ಹುಚ್ಚು ಹಿಡಿದಂತೆ ಮೇಲೇಳುತ್ತದೆ. 400 ಇದ್ದದ್ದು ಮರುದಿನ 200 ಆದರೆ ಸೂತ್ರಕ್ಕೆ ಅದು ಕುಸಿತವೇ. ಆಗ ತಿದ್ದಬೇಕಾದದ್ದು ಸೂತ್ರವನ್ನಲ್ಲ, ಡೇಟಾವನ್ನು.

ಬೋಲಿಂಜರ್ ಬ್ಯಾಂಡ್: ಯಾವುದರಿಂದ ಭಾಗಿಸುತ್ತೀರಿ?

ಜಾನ್ ಬೋಲಿಂಜರ್ ಅವರ ಬ್ಯಾಂಡ್ ಸೂತ್ರ ಚಿಕ್ಕದು. 20 ಅವಧಿಯ ಸರಳ ಸರಾಸರಿ, ಅದರ ಮೇಲೆ ಕೆಳಗೆ 2 ಸ್ಟ್ಯಾಂಡರ್ಡ್ ಡೀವಿಯೇಷನ್ (ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ). ಎಡವುವುದು ಡೀವಿಯೇಷನ್‌ನಲ್ಲಿ. ವ್ಯತ್ಯಾಸಗಳ ವರ್ಗಗಳನ್ನು ಕೂಡಿಸಿದ ಮೇಲೆ ಅವಧಿಯಿಂದ ಭಾಗಿಸುವುದು ಒಂದು ರೀತಿ, ಅವಧಿಗಿಂತ ಒಂದು ಕಡಿಮೆಯಿಂದ ಭಾಗಿಸುವುದು ಇನ್ನೊಂದು.

10, 12, 14 ತಗೊಳ್ಳಿ. ಸರಾಸರಿ 12. ವರ್ಗಗಳ ಮೊತ್ತ 4 + 0 + 4 = 8. 3ರಿಂದ ಭಾಗಿಸಿ ವರ್ಗಮೂಲ ತೆಗೆದರೆ 1.633. 2ರಿಂದ ಭಾಗಿಸಿ ವರ್ಗಮೂಲ ತೆಗೆದರೆ 2. ಬೋಲಿಂಜರ್ ಬಳಸುವುದು ಮೊದಲನೆಯದು. 20 ಅವಧಿಯಲ್ಲಿ ಈ ವ್ಯತ್ಯಾಸ ಶೇಕಡಾ 2.6ರಷ್ಟೇ. ಕಣ್ಣಿಗೆ ಕಾಣುವುದಿಲ್ಲ. ಆದರೆ ಬ್ಯಾಂಡ್ ಮುಟ್ಟಿದರೆ ಸಿಗ್ನಲ್ ಅನ್ನುವ ಸೂತ್ರದಲ್ಲಿ ಒಂದೆರಡು ಸಿಗ್ನಲ್ ಕಳೆದುಹೋಗಲು ಅಷ್ಟು ಸಾಕು. ಪೈನ್ ಸ್ಕ್ರಿಪ್ಟ್ ತಾನಾಗಿಯೇ ಅವಧಿಯಿಂದ ಭಾಗಿಸುತ್ತದೆ. ಎಕ್ಸೆಲ್‌ನಲ್ಲಿ ತಾಳೆ ನೋಡುವಾಗ ಎಸ್‌ಟಿಡೆವ್ ಡಾಟ್ ಪಿ ಬಳಸಿ, ಡಾಟ್ ಎಸ್ ಅಲ್ಲ.

ಎಂಎಸಿಡಿ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಜೆರಾಲ್ಡ್ ಆಪಲ್ ಅವರ ಈ ಸೂತ್ರ 12 ಮತ್ತು 26 ಇಎಂಎಗಳ ವ್ಯತ್ಯಾಸ, ಅದರ ಮೇಲೆ 9ರ ಇಎಂಎ ಸಿಗ್ನಲ್ ಗೆರೆ. 9ರ ಇಎಂಎ ತೆಗೆಯಬೇಕಾದದ್ದು ಎಂಎಸಿಡಿ ಗೆರೆಯ ಮೇಲೆ, ಕ್ಲೋಸ್ ಮೇಲಲ್ಲ. ಅದೊಂದು ಗಮನವಿದ್ದರೆ ಆಯಿತು.

ನೆನಪಿಟ್ಟುಕೊಳ್ಳುವ ಸೂತ್ರಗಳು: ಸೂಪರ್‌ಟ್ರೆಂಡ್

ಇಲ್ಲಿವರೆಗಿನ ಸೂತ್ರಗಳಿಗೆ ಸಿದ್ಧ ಫಂಕ್ಷನ್‌ಗಳೇ ಸಾಕು. ಬೆಲೆ ಏರುಗತಿಯಲ್ಲಿದೆಯೋ ಇಳಿಗತಿಯಲ್ಲಿದೆಯೋ ಅಂತ ಒಂದೇ ಗೆರೆಯಲ್ಲಿ ತೋರಿಸುವ ಸೂಪರ್‌ಟ್ರೆಂಡ್ ಬಂದಾಗ ಆಟ ಬದಲಾಗುತ್ತದೆ. ಅದು ತನ್ನ ನಿನ್ನೆಯ ಉತ್ತರವನ್ನು ನೋಡಿ ಇವತ್ತಿನದನ್ನು ತೀರ್ಮಾನಿಸುತ್ತದೆ.

ನಡು = (ಹೈ + ಲೋ) / 2
ಕಚ್ಚಾ_ಮೇಲು = ನಡು + 3 × ಎಟಿಆರ್
ಕಚ್ಚಾ_ಕೆಳಗು = ನಡು − 3 × ಎಟಿಆರ್

ಇದಿಷ್ಟೇ ಎಳೆದರೆ ಬೆಲೆಯ ಜೊತೆ ಮೇಲೆ ಕೆಳಗೆ ಕುಣಿಯುವ ಎರಡು ಗೆರೆ ಸಿಗುತ್ತವೆ. ಸೂಪರ್‌ಟ್ರೆಂಡ್‌ನ ಮೆಟ್ಟಿಲಿನಂಥ ಆಕಾರ ಬರುವುದು ಮುಂದಿನ ನಿಯಮದಿಂದ. ಏರುಗತಿಯಲ್ಲಿ ಕೆಳಗಿನ ಗೆರೆ ಮೇಲಕ್ಕೆ ಮಾತ್ರ ಹೋಗಬೇಕು, ಇಳಿಯಬಾರದು:

ಕಚ್ಚಾ_ಕೆಳಗು > ಹಿಂದಿನ(ಕೆಳಗು, 1) ಆಗಿದ್ದರೆ, ಅಥವಾ ಹಿಂದಿನ(ಕ್ಲೋಸ್, 1) < ಹಿಂದಿನ(ಕೆಳಗು, 1) ಆಗಿದ್ದರೆ:
ಕೆಳಗು = ಕಚ್ಚಾ_ಕೆಳಗು
ಇಲ್ಲದಿದ್ದರೆ:
ಕೆಳಗು = ಹಿಂದಿನ(ಕೆಳಗು, 1)

ಮೇಲಿನ ಗೆರೆಗೆ ಇದರ ತಿರುಗುಮುರುಗು. ಎರಡನೇ ಷರತ್ತನ್ನು, ಅಂದರೆ ನಿನ್ನೆಯ ಕ್ಲೋಸ್ ಗೆರೆಯನ್ನು ಮುರಿದಿತ್ತಾ ಅನ್ನುವುದನ್ನು, ತುಂಬ ಜನ ಬಿಟ್ಟುಬಿಡುತ್ತಾರೆ. ಆಗ ಬೆಲೆ ಬಿದ್ದ ಮೇಲೂ ಕೆಳಗಿನ ಗೆರೆ ಎತ್ತರದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಟ್ರೆಂಡ್ ತಿರುಗಿದಾಗ ಗೆರೆ ತಪ್ಪು ಜಾಗದಿಂದ ಶುರುವಾಗುತ್ತದೆ.

ದಿಕ್ಕಿಗೂ ನೆನಪು ಬೇಕು. ನಿನ್ನೆ ಇಳಿಗತಿ ಇದ್ದು ಇವತ್ತಿನ ಕ್ಲೋಸ್ ಮೇಲಿನ ಗೆರೆ ದಾಟಿದರೆ ಏರುಗತಿ. ನಿನ್ನೆ ಏರುಗತಿ ಇದ್ದು ಕ್ಲೋಸ್ ಕೆಳಗಿನ ಗೆರೆಗಿಂತ ಕೆಳಗೆ ಹೋದರೆ ಇಳಿಗತಿ. ಎರಡೂ ಅಲ್ಲವಾದರೆ ನಿನ್ನೆ ಏನಿತ್ತೋ ಅದೇ. ಏರುಗತಿಯಲ್ಲಿ ಕೆಳಗಿನ ಗೆರೆಯನ್ನು, ಇಳಿಗತಿಯಲ್ಲಿ ಮೇಲಿನ ಗೆರೆಯನ್ನು ಎಳೆಯಿರಿ.

ಈ ನೆನಪನ್ನು ಪ್ರತಿ ಸಾಫ್ಟ್‌ವೇರ್ ಬೇರೆ ರೀತಿ ಇಡುತ್ತದೆ. ಅಮಿಬ್ರೋಕರ್‌ನಲ್ಲಿ ಫಾರ್ ಲೂಪ್ ಬರೆಯಬೇಕು. ಮೆಟಾಸ್ಟಾಕ್‌ನಲ್ಲಿ ಪ್ರೆವ್ ಅನ್ನುವ ಪದ ಇದೆ, ಆದರೆ ಅದನ್ನು ಹೆಚ್ಚು ಸಲ ಬಳಸಿದಷ್ಟೂ ಸೂತ್ರ ನಿಧಾನವಾಗುತ್ತದೆ. ಪೈನ್ ಸ್ಕ್ರಿಪ್ಟ್‌ನಲ್ಲಿ ವಾರ್ ಅಂತ ಘೋಷಿಸಿದ ಹೆಸರು ಕ್ಯಾಂಡಲ್‌ನಿಂದ ಕ್ಯಾಂಡಲ್‌ಗೆ ತನ್ನ ಅಂಕಿಯನ್ನು ಹೊತ್ತೊಯ್ಯುತ್ತದೆ.

ಗೆರೆಯಿಂದ ಸಿಗ್ನಲ್‌ಗೆ

"ಮೇಲಿದೆ" ಬೇರೆ, "ಮೇಲಕ್ಕೆ ದಾಟಿತು" ಬೇರೆ. ಮೊದಲನೆಯದು ಸ್ಥಿತಿ, ವಾರಗಟ್ಟಲೆ ನಿಜವಾಗಿರಬಹುದು. ಎರಡನೆಯದು ಘಟನೆ, ಒಂದೇ ಕ್ಯಾಂಡಲ್‌ನಲ್ಲಿ ನಡೆಯುತ್ತದೆ. ಕಡಿಮೆ ಅವಧಿಯ ಸರಾಸರಿಯನ್ನು ವೇಗದ, ಹೆಚ್ಚು ಅವಧಿಯದನ್ನು ನಿಧಾನದ ಅಂತ ಕರೆದರೆ:

ದಾಟಿತು = (ವೇಗದ > ನಿಧಾನದ) ಮತ್ತು (ಹಿಂದಿನ(ವೇಗದ, 1) <= ಹಿಂದಿನ(ನಿಧಾನದ, 1))

ಎರಡನೇ ಭಾಗದಲ್ಲಿ "ಅಥವಾ ಸಮ" ಬಿಡಬೇಡಿ. ನಿನ್ನೆ ಎರಡೂ ಸರಿಯಾಗಿ ಒಂದರ ಮೇಲೊಂದು ಕೂತಿದ್ದರೆ ಆ ದಾಟುವಿಕೆ ತಪ್ಪಿಹೋಗುತ್ತದೆ. ದಶಮಾಂಶ ಇರುವ ಎರಡು ಅಂಕಿಗಳು ಸಮವೇ ಅಂತ ನೇರವಾಗಿ ಕೇಳುವುದನ್ನೂ ಬಿಡಿ. ಕಂಪ್ಯೂಟರ್‌ನಲ್ಲಿ 0.1 + 0.2 ಅಂದರೆ ಸರಿಯಾಗಿ 0.3 ಆಗಿರುವುದಿಲ್ಲ.

ನಾಳೆಯನ್ನು ಇಣುಕುವ ಸೂತ್ರ

ನಾನು ಅತಿ ಹೆಚ್ಚು ಕಾಳಜಿಯಿಂದ ಹೇಳುವುದು ಇದನ್ನೇ. ಏಕೆಂದರೆ ಇಲ್ಲಿ ಆಗುವ ತಪ್ಪಿಗೆ ಜನ ನಿಜವಾದ ದುಡ್ಡು ಕಳೆದುಕೊಳ್ಳುತ್ತಾರೆ.

ಜಿಗ್‌ಜಾಗ್ ಅನ್ನುವ ಇಂಡಿಕೇಟರ್ ನೋಡಿ. ಪ್ರತಿ ಶಿಖರ, ಪ್ರತಿ ಕಣಿವೆ ಎಷ್ಟು ಕರಾರುವಾಕ್ಕಾಗಿ ಹಿಡಿಯುತ್ತದೆ! ಆದರೆ ಇವತ್ತಿನದ್ದು ಶಿಖರವಾ ಅಂತ ಅದಕ್ಕೆ ಗೊತ್ತಾಗುವುದು ಬೆಲೆ ಸಾಕಷ್ಟು ಇಳಿದ ಮೇಲೆ. ಆಗ ಹಿಂದೆ ಹೋಗಿ ಗೆರೆ ತಿದ್ದುತ್ತದೆ. ಇದನ್ನೇ ರಿಪೇಂಟ್ ಅನ್ನುವುದು. ಹಳೆಯ ಅಲೆಗಳನ್ನು ಅಧ್ಯಯನ ಮಾಡಲು ಜಿಗ್‌ಜಾಗ್ ಒಳ್ಳೆಯದೇ. ಖರೀದಿ ಸಿಗ್ನಲ್‌ಗೆ ಕಟ್ಟಬಾರದು.

ನಡೆಯುತ್ತಿರುವ ಕ್ಯಾಂಡಲ್ ಇನ್ನೊಂದು. ಅದು ಮುಗಿಯುವವರೆಗೂ ಕ್ಲೋಸ್ ಅಂದರೆ ಈಗಿನ ಬೆಲೆ ಅಷ್ಟೇ. ಸಿಗ್ನಲ್ ಬರುತ್ತದೆ, ಐದು ನಿಮಿಷದಲ್ಲಿ ಮಾಯವಾಗುತ್ತದೆ. ಮುಗಿದ ಕ್ಯಾಂಡಲ್ ಮೇಲೆ ಮಾತ್ರ ಸಿಗ್ನಲ್ ಲೆಕ್ಕ ಹಾಕಿ.

ಮೂರನೆಯದು ಹೆಚ್ಚು ನಯವಾಗಿ ಮೋಸ ಮಾಡುತ್ತದೆ: ದಿನದ ಚಾರ್ಟ್‌ಗೆ ವಾರದ ಇಂಡಿಕೇಟರ್ ತರುವುದು. ವಾರದ ಕ್ಲೋಸ್ ಗೊತ್ತಾಗುವುದು ವಾರದ ಕೊನೆಯ ವಹಿವಾಟಿನ ದಿನ. ಆದರೆ ಹಳೆಯ ಡೇಟಾದಲ್ಲಿ ವಾರದ ಅಂಕಿ ಮೊದಲ ದಿನದಿಂದಲೇ ಹರಡಿಕೊಂಡು ಕೂತರೆ ಸೂತ್ರ ನಾಲ್ಕು ದಿನ ಮುಂಚೆಯೇ ಉತ್ತರ ಓದಿಬಿಡುತ್ತದೆ. ಯಾವಾಗಲೂ ಮುಗಿದುಹೋದ ಹಿಂದಿನ ವಾರದ ಅಂಕಿಯನ್ನೇ ತನ್ನಿ.

ಪರೀಕ್ಷಿಸುವುದು ಸುಲಭ. ಚಾರ್ಟ್‌ನ ಕೊನೆಯ 50 ಕ್ಯಾಂಡಲ್ ಮರೆಮಾಡಿ, ಇಂಡಿಕೇಟರ್‌ನ ಕೊನೆಯ ಅಂಕಿ ಬರೆದಿಟ್ಟುಕೊಳ್ಳಿ. ಈಗ ಒಂದೊಂದೇ ಕ್ಯಾಂಡಲ್ ಬಿಡಿ. ಬರೆದಿಟ್ಟ ದಿನದ ಅಂಕಿ ಬದಲಾದರೆ ಸೂತ್ರ ಮುಂದೆ ಇಣುಕುತ್ತಿದೆ.

ತಾಳೆ ನೋಡುವುದು

ಸಿದ್ಧ ಇಂಡಿಕೇಟರ್ ಇದ್ದರೆ ನಿಮ್ಮದನ್ನು ಅದರ ಮೇಲೆ ಎಳೆದು ಕಣ್ಣಲ್ಲಿ ಹೋಲಿಸಬೇಡಿ. ಎರಡು ಗೆರೆ ಹತ್ತಿರ ಇದ್ದರೆ ಕಣ್ಣು "ಸರಿ" ಅಂದುಬಿಡುತ್ತದೆ. ವ್ಯತ್ಯಾಸವನ್ನೇ ಚಾರ್ಟ್‌ನ ಬೇರೆ ಭಾಗದಲ್ಲಿ (ಪೇನ್) ಎಳೆಯಿರಿ:

ವ್ಯತ್ಯಾಸ = ನನ್ನ_ಆರ್‌ಎಸ್‌ಐ − ಸಿದ್ಧ_ಆರ್‌ಎಸ್‌ಐ

ಆ ಗೆರೆಯ ಆಕಾರವೇ ರೋಗ ಹೇಳುತ್ತದೆ. ಎಡಗಡೆ ದೊಡ್ಡದಿದ್ದು ಬಲಕ್ಕೆ ಬರುತ್ತಾ ಕರಗಿದರೆ ಅದು ಆರಂಭದ ಅಂಕಿಯ ಪ್ರಶ್ನೆ, ಚಿಂತೆ ಬೇಡ. ಕೊನೆಯವರೆಗೂ ಮೇಲೆ ಕೆಳಗೆ ಆಡುತ್ತಿದ್ದರೆ ಸರಾಸರಿಯ ವಿಧಾನ ಬೇರೆ. ನಿಮ್ಮ ಗೆರೆ ಅದೇ ಆಕಾರದಲ್ಲಿದ್ದು ಒಂದು ಕ್ಯಾಂಡಲ್ ಸರಿದಂತಿದ್ದರೆ ಹಿಂದಿನ ಕ್ಯಾಂಡಲ್ ಎಣಿಕೆ ತಪ್ಪಿದೆ. ಒಂದೇ ಒಂದು ದಿನ ಮುಳ್ಳಿನ ಹಾಗೆ ಎದ್ದು ಆಮೇಲೆ ಕರಗಿದರೆ ಆ ದಿನದ ಡೇಟಾ ನೋಡಿ.

ಸಿದ್ಧ ಇಂಡಿಕೇಟರ್ ಇಲ್ಲದ, ಪೂರ್ತಿ ನಿಮ್ಮದೇ ಸೂತ್ರವಾದರೆ ಸ್ಪ್ರೆಡ್‌ಶೀಟ್‌ನಲ್ಲಿ ಅದೇ ಲೆಕ್ಕವನ್ನು ಕಾಲಂ ಕಾಲಂ ಆಗಿ ಮಾಡಿ, 20 ಸಾಲು ಹೋಲಿಸಿ. ಬೆಲೆ ಅಲುಗಾಡದ ದಿನ, ವಾಲ್ಯೂಮ್ ಸೊನ್ನೆ ಇರುವ ದಿನ, ದೊಡ್ಡ ಗ್ಯಾಪ್ ಇರುವ ದಿನ, ಈ ಮೂರು ಆ 20ರಲ್ಲಿ ಇರಲೇಬೇಕು. ಸ್ಟೊಕಾಸ್ಟಿಕ್‌ನಂಥ (ಅವಧಿಯ ಗರಿಷ್ಠ ಕನಿಷ್ಠಗಳ ನಡುವೆ ಕ್ಲೋಸ್ ಎಲ್ಲಿದೆ ಅಂತ ಹೇಳುವ) ಸೂತ್ರಗಳು ಸೊನ್ನೆಯಿಂದ ಭಾಗಿಸಿ ಬೀಳುವುದು ಇಂಥ ದಿನಗಳಲ್ಲೇ: ಅವಧಿಯ ಗರಿಷ್ಠ ಮತ್ತು ಕನಿಷ್ಠ ಒಂದೇ ಆದಾಗ ಛೇದ ಸೊನ್ನೆ.

ಒಬಿವಿ (ಆನ್ ಬ್ಯಾಲೆನ್ಸ್ ವಾಲ್ಯೂಮ್) ಹೋಲಿಸುವಾಗ ಮಾತ್ರ ಅಂಕಿ ನೋಡಬೇಡಿ. ಜೋ ಗ್ರ್ಯಾನ್‌ವಿಲ್ 1963ರಲ್ಲಿ ಪ್ರಚಾರಕ್ಕೆ ತಂದ ಈ ಸೂತ್ರ ಮೊದಲ ಕ್ಯಾಂಡಲ್‌ನಿಂದ ಬೆಲೆ ಏರಿದಾಗ ವಾಲ್ಯೂಮ್ ಕೂಡಿಸುತ್ತಾ, ಇಳಿದಾಗ ಕಳೆಯುತ್ತಾ ಬರುತ್ತದೆ. ಎರಡು ಕಡೆ ಡೇಟಾ ಬೇರೆ ಬೇರೆ ದಿನದಿಂದ ಶುರುವಾಗಿದ್ದರೆ ಅಂಕಿ ಎಂದೂ ಸೇರುವುದಿಲ್ಲ. ಅಲ್ಲಿ ವ್ಯತ್ಯಾಸದ ಗೆರೆ ಸೊನ್ನೆಯ ಮೇಲೆ ಇರಬೇಕಿಲ್ಲ. ನೇರವಾಗಿ, ಏರಿಳಿತವಿಲ್ಲದೆ ಮಲಗಿದ್ದರೆ ನಿಮ್ಮ ಸೂತ್ರ ಸರಿಯಿದೆ.